ಫೈಟರ್ ಮರಿಗಳ ಮೊದಲ ಆಹಾರ: ಮೊಟ್ಟೆಯ ಹಳದಿ, ಇನ್ಫ್ಯೂಸೋರಿಯಾ, ವಿನೆಗರ್ ಹುಳು, ಆರ್ಟೀಮಿಯಾ

ಫೈಟರ್ ಮೀನಿನ ತತ್ತಿಗಳು 27–28 ಡಿಗ್ರಿ ಸೆಲ್ಸಿಯಸ್ ಇರುವ ನೀರಿನಲ್ಲಿ ಒಂದೆರಡು ದಿನಗಳಲ್ಲಿ ಒಡೆಯುತ್ತವೆ. ಹೊರಬಂದ ಮರಿಗಳು ಬಾಲ ಕೆಳಗಾಗಿ, ಗಂಡು ಮೀನು ನೀರಿನ ಮೇಲೆ ಗುಳ್ಳೆಗಳಿಂದ ಕಟ್ಟಿದ ನೊರೆಗೂಡಿಗೆ ಜೋತುಬಿದ್ದಿರುತ್ತವೆ. ಜಾರಿ ಬಿದ್ದವನ್ನು ಗಂಡು ಮೀನು ಬಾಯಲ್ಲಿ ಹಿಡಿದು ತಂದು ಮತ್ತೆ ನೊರೆಗೆ ಉಗುಳುತ್ತದೆ. ಈ ಎರಡು ಮೂರು ದಿನ ಅವು ಹೊಟ್ಟೆಗೆ ಅಂಟಿದ ಹಳದಿ ಚೀಲದ ಆಸರೆಯಲ್ಲೇ ಬದುಕುವುದರಿಂದ ನೀರಿಗೆ ಏನನ್ನೂ ಹಾಕಬೇಕಾಗಿಲ್ಲ, ಹಾಕಲೂಬಾರದು. ಮರಿಗಳು ಅಡ್ಡಲಾಗಿ ತಾವೇ ಈಜತೊಡಗಿದ ದಿನ ಗಂಡನ್ನು ಬೇರೆ ಮಾಡಬೇಕು. ಆಹಾರದ ಪ್ರಶ್ನೆ ಏಳುವುದೂ ಅಂದೇ.

ಒಂದೇ ಗೂಡಿನ ಮರಿಗಳನ್ನು ಬೇರೆ ಬೇರೆ ಡಬ್ಬಗಳಿಗೆ ಹಂಚಿ, ಎಲ್ಲಕ್ಕೂ ಹಳೆಯ ಟ್ಯಾಂಕಿನ ನೀರನ್ನೇ ತುಂಬಿ, ನಾಲ್ಕು ಬಗೆಯ ಆಹಾರಗಳನ್ನು ಬೆಂಗಳೂರಿನ ಮನೆಯಲ್ಲಿ ಕೊಟ್ಟು ನೋಡಿದ್ದೇನೆ. ನನ್ನ ಅನುಭವದಲ್ಲಿ ಮೊದಲ ವಾರದ ಸಾವುಗಳಲ್ಲಿ ಹಸಿವಿನ ಪಾಲಿಗಿಂತ ಮರಿಗಳು ತಿನ್ನದೆ ಬಿಟ್ಟು ಕೊಳೆತ ಆಹಾರದ ಪಾಲೇ ದೊಡ್ಡದು. ಆದ್ದರಿಂದ ಯಾವ ಆಹಾರ ಎಷ್ಟು ಪುಷ್ಟಿಕರ ಎಂಬುದಕ್ಕಿಂತ ಮೊದಲು, ಉಳಿದ ಆಹಾರ ನೀರಿಗೆ ಏನು ಮಾಡುತ್ತದೆ ಎಂಬುದನ್ನು ಗಮನಿಸಿದ್ದೇನೆ.

ಅಂಗಡಿಗಳಲ್ಲಿ ಮೊದಲು ಹೇಳುವುದು ಬೇಯಿಸಿದ ಮೊಟ್ಟೆಯ ಹಳದಿಯನ್ನು. ಚಿಟಿಕೆಯಷ್ಟನ್ನು ತೆಳುಬಟ್ಟೆಯಲ್ಲಿ ಕಟ್ಟಿ ನೀರಿನಲ್ಲಿ ಹಿಂಡಿದರೆ ಬಿಳಿಮೋಡದಂತೆ ಹರಡುತ್ತದೆ, ಖರ್ಚೂ ಇಲ್ಲ. ಆದರೆ ಫೈಟರ್ ಮರಿ ಅಲುಗಾಡುವ ಬೇಟೆಯನ್ನು ಕಂಡೇ ಬಾಯಿ ಹಾಕುವ ಜೀವಿ; ನಿಶ್ಚಲವಾದ ಕಣಗಳಲ್ಲಿ ಹೆಚ್ಚಿನವು ತಳ ಸೇರಿ, ಸಂಜೆಯ ಹೊತ್ತಿಗೆ ಅಲ್ಲಿ ಲೋಳೆಯಂಥ ಪದರ ಕಟ್ಟುತ್ತದೆ. ಅದು ಕೊಳೆಯುವಾಗ ಆಮ್ಲಜನಕ ಕುಗ್ಗಿ ಅಮೋನಿಯಾ ಏರುತ್ತದೆ. ಪಿಎಚ್ ಮತ್ತು ಉಷ್ಣತೆ ಹೆಚ್ಚಿದಷ್ಟೂ ಅಮೋನಿಯಾದ ವಿಷಕಾರಿ ಪಾಲು ಹೆಚ್ಚುವುದರಿಂದ, ಪಿಎಚ್ 8ರ ಸುತ್ತ ಇರುವ ಗಡಸು ಬೋರ್‌ವೆಲ್ ನೀರಿನಲ್ಲಿ, ಅದೂ ಮರಿಗಳಿಗೆಂದು ಬೆಚ್ಚಗಿಟ್ಟ ನೀರಿನಲ್ಲಿ, ಹಳದಿಯ ಪ್ರಯೋಗ ಇನ್ನಷ್ಟು ಅಪಾಯಕಾರಿ. ಇದನ್ನು ನಾನು ಯಾರಿಗೂ ಸೂಚಿಸುವುದಿಲ್ಲ.

ಇನ್ಫ್ಯೂಸೋರಿಯಾ, ಅಂದರೆ ನೀರಿನಲ್ಲಿ ತಾವಾಗಿ ಬೆಳೆಯುವ ಸೂಕ್ಷ್ಮಜೀವಿಗಳು, ಇದಕ್ಕಿಂತ ಎಷ್ಟೋ ಮೇಲು. ಹಳೆಯ ಟ್ಯಾಂಕಿನ ನೀರಿಗೆ ಒಣಗಿಸಿದ ಬಾಳೆಸಿಪ್ಪೆ ಅಥವಾ ಎಲೆಕೋಸಿನ ಎಲೆ ಹಾಕಿ ಬೆಳಕು ಬೀಳುವೆಡೆ ಇಟ್ಟರೆ, ನೀರು ಮೊದಲು ಕದಡಿ ನಾರುತ್ತದೆ, ಆಮೇಲೆ ತಿಳಿಯಾಗುತ್ತದೆ. ಆ ತಿಳಿಯಲ್ಲಿ ಧೂಳಿನಂತೆ ಚಲಿಸುವ ಚುಕ್ಕೆಗಳು ಕಂಡರೆ ಅದು ಸಿದ್ಧ. ಅತಿ ಸಣ್ಣ ಬಾಯಿಯ ಮರಿಗಳಿಗೂ ಇದು ಹೊಂದುತ್ತದೆ. ತೊಂದರೆಯೆಂದರೆ ಅಳತೆಯೇ ಸಿಗದು. ಒಂದು ಬಾಟಲಿ ತುಂಬ ಜೀವಿಗಳಿದ್ದರೆ ಪಕ್ಕದ ಬಾಟಲಿಯಲ್ಲಿ ಕೊಳಕು ನೀರಷ್ಟೇ ಇರಬಹುದು, ಎರಡನ್ನೂ ಬರಿಗಣ್ಣಿನಲ್ಲಿ ಬೇರ್ಪಡಿಸುವುದು ಕಷ್ಟ. ಜಾವಾ ಮಾಸ್ ಎಂಬ ಪಾಚಿ ದಟ್ಟವಾಗಿ ಬೆಳೆದ ಡಬ್ಬದಲ್ಲಿ ಇಂಥ ಜೀವಿಗಳು ತಾವಾಗಿಯೇ ಇರುವುದರಿಂದ ನಾನು ಈಗ ಬಾಟಲಿಗಿಂತ ಪಾಚಿಯನ್ನೇ ನಂಬುತ್ತೇನೆ.

ಮೊದಲ ದಿನಗಳ ಮಟ್ಟಿಗೆ ನನ್ನ ಆಯ್ಕೆ ವಿನೆಗರ್ ಹುಳು. ಆಪಲ್ ಸೈಡರ್ ವಿನೆಗರ್ ಮತ್ತು ನೀರನ್ನು ಸಮವಾಗಿ ಬೆರೆಸಿ ಸೇಬಿನ ಎರಡು ಹೋಳು ಹಾಕಿ, ಒಂದಿಷ್ಟು ಹುಳುಗಳನ್ನು ಬಿಟ್ಟರೆ ಸಾಕು. ತಿಂಗಳುಗಟ್ಟಲೆ ಅತ್ತ ನೋಡದಿದ್ದರೂ ಅವು ಬದುಕಿರುತ್ತವೆ, ಕರೆಂಟಿನ ಹಂಗೂ ಇಲ್ಲ. ಹುಳುಗಳನ್ನು ವಿನೆಗರ್‌ನಿಂದ ಬೇರ್ಪಡಿಸುವ ಕ್ರಮ ಸೊಗಸಾದದ್ದು: ಉದ್ದ ಕತ್ತಿನ ಬಾಟಲಿಗೆ ಕತ್ತಿನ ಬುಡದವರೆಗೆ ಈ ದ್ರವವನ್ನು ತುಂಬಿ, ಅದಕ್ಕೆ ತಾಗುವಂತೆ ಹತ್ತಿಯನ್ನು ತುರುಕಿ, ಮೇಲೆ ಶುದ್ಧ ನೀರನ್ನು ಮೆಲ್ಲಗೆ ಸುರಿದಿಟ್ಟರೆ, ಆಮ್ಲಜನಕವನ್ನರಸಿ ಹುಳುಗಳು ಹತ್ತಿಯ ಮೂಲಕ ಮೇಲೇರುತ್ತವೆ. ಮರುದಿನ ಟಾರ್ಚ್ ಹಿಡಿದರೆ ಬಾಟಲಿಯ ಕತ್ತಿನಲ್ಲಿ ಬೆಳ್ಳಿಯ ಎಳೆಗಳು ನುಲಿಯುತ್ತಿರುವಂತೆ ಕಾಣುತ್ತದೆ; ಸಿರಿಂಜಿನಿಂದ ಎಳೆದುಕೊಂಡರಾಯಿತು. ಉದ್ದ ಒಂದೆರಡು ಮಿಲಿಮೀಟರ್ ಇದ್ದರೂ ಕೂದಲಿಗಿಂತ ತೆಳ್ಳಗಿರುವುದರಿಂದ ಮರಿಗಳು ಸಲೀಸಾಗಿ ನುಂಗುತ್ತವೆ. ಎಲ್ಲಕ್ಕಿಂತ ಮುಖ್ಯವಾಗಿ, ಇವು ಸಿಹಿನೀರಿನಲ್ಲಿ ದಿನಗಳ ಕಾಲ ಜೀವಂತವಾಗಿ ನಡುನೀರಿನಲ್ಲೇ ಈಜಾಡುತ್ತಿರುವುದರಿಂದ ಬೆಳಿಗ್ಗೆ ಹಾಕಿ ಕೆಲಸಕ್ಕೆ ಹೋದವರಿಗೂ ಆತಂಕವಿಲ್ಲ. ಮೈಕ್ರೋವರ್ಮ್ ಎಂಬ ಇನ್ನೊಂದು ಸಣ್ಣ ಹುಳುವಿಗೆ ಈ ಗುಣವಿಲ್ಲ, ಅದು ನೇರವಾಗಿ ತಳಕ್ಕಿಳಿಯುತ್ತದೆ. ವಿನೆಗರ್ ಹುಳುವಿನ ಕೊರತೆ ಒಂದೇ: ಅದನ್ನಷ್ಟೇ ತಿಂದ ಮರಿಗಳು ಸಾಯುವುದಿಲ್ಲವಾದರೂ ಬೆಳೆಯುವುದು ಬಲು ನಿಧಾನ.

ಬೆಳವಣಿಗೆಯಲ್ಲಿ ಆರ್ಟೀಮಿಯಾಕ್ಕೆ, ಅಂದರೆ ಉಪ್ಪುನೀರಿನ ಪುಟ್ಟ ಸಿಗಡಿಯಂಥ ಜೀವಿಯ ಆಗತಾನೇ ಒಡೆದ ಮರಿಗಳಿಗೆ, ಸಾಟಿಯಿಲ್ಲ. ತಲೆಕೆಳಗಾಗಿ ನಿಲ್ಲಿಸಿದ ಬಾಟಲಿಯಲ್ಲಿ ಲೀಟರಿಗೆ 25ರಿಂದ 30 ಗ್ರಾಂ ಕಲ್ಲುಪ್ಪು, ಚಿಟಿಕೆ ಅಡುಗೆ ಸೋಡಾ, ಏರ್ ಪಂಪಿನ ಬಿರುಸಾದ ಗುಳ್ಳೆ ಮತ್ತು ಬೆಳಕು ಇದ್ದರೆ, 28 ಡಿಗ್ರಿಯಲ್ಲಿ ಸುಮಾರು ಒಂದು ದಿನಕ್ಕೆ ತತ್ತಿ ಒಡೆಯುತ್ತದೆ. ಬೆಂಗಳೂರಿನ ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ ಹೀಟರ್ ಇಲ್ಲದಿದ್ದರೆ ಅದು ಎರಡು ದಿನಕ್ಕೂ ಎಳೆಯುತ್ತದೆ. ಕರೆಂಟು ಹೋಗಿ ಗುಳ್ಳೆ ನಿಂತರಂತೂ ಫಲ ಅರ್ಧಕ್ಕಿಳಿಯಬಹುದು. ಪಂಪು ನಿಲ್ಲಿಸಿ ಹತ್ತು ನಿಮಿಷ ಬಿಟ್ಟರೆ ಖಾಲಿ ಚಿಪ್ಪುಗಳು ತೇಲುತ್ತವೆ, ಒಡೆಯದ ತತ್ತಿಗಳು ತಳ ಹಿಡಿಯುತ್ತವೆ, ಕಿತ್ತಳೆ ಬಣ್ಣದ ಮರಿಗಳು ಬೆಳಕಿನತ್ತ ಗುಂಪುಗೂಡುತ್ತವೆ. ಅವನ್ನಷ್ಟೇ ಎಳೆದು, ಬಟ್ಟೆಯಲ್ಲಿ ಸೋಸಿ, ಉಪ್ಪು ತೊಳೆದು ಕೂಡಲೇ ಹಾಕಬೇಕು, ಏಕೆಂದರೆ ಹೊತ್ತು ಕಳೆದಂತೆ ಅವುಗಳೊಳಗಿನ ಪುಷ್ಟಿಯೂ ಕರಗುತ್ತದೆ. ಕೆಲವೇ ನಿಮಿಷಗಳಲ್ಲಿ ಪಾರದರ್ಶಕ ಮೈಯ ಮೀನುಮರಿಗಳ ಹೊಟ್ಟೆ ಕಿತ್ತಳೆಯಾಗಿ ಉಬ್ಬಿ ಕಾಣುವುದರಿಂದ ಯಾವುದು ತಿಂದಿದೆ, ಯಾವುದು ತಿಂದಿಲ್ಲ ಎಂಬ ಅನುಮಾನವೇ ಉಳಿಯುವುದಿಲ್ಲ. ಆದರೆ ಆರ್ಟೀಮಿಯಾ ಸಿಹಿನೀರಿನಲ್ಲಿ ಕೆಲವು ಗಂಟೆಗಳಲ್ಲಿ ಸತ್ತು ತಳ ಸೇರುತ್ತದೆ, ಮಿಕ್ಕಿದ್ದನ್ನು ಏರ್ ಪಂಪಿನ ಸಣ್ಣ ಕೊಳವೆಯಿಂದ ಹೀರಿ ತೆಗೆಯದಿದ್ದರೆ ಹಳದಿಯ ಕಥೆಯೇ ಮರುಕಳಿಸುತ್ತದೆ. ಜೊತೆಗೆ, ಒಂದೇ ಗೂಡಿನ ಸಣ್ಣ ಮರಿಗಳಿಗೆ ಸುಮಾರು ಅರ್ಧ ಮಿಲಿಮೀಟರ್‌ನ ಈ ಬೇಟೆ ಮೊದಲೆರಡು ದಿನ ದೊಡ್ಡದೇ. ಹೀಗಾಗಿ ನಾನು ವಿನೆಗರ್ ಹುಳುವಿನಿಂದ ತೊಡಗಿ, ಮೂರನೆಯ ದಿನದಿಂದ ಆರ್ಟೀಮಿಯಾವನ್ನೂ ಸೇರಿಸಿ, ಎಲ್ಲ ಹೊಟ್ಟೆಗಳೂ ಕಿತ್ತಳೆಯಾದ ಮೇಲೆ ಹುಳುವನ್ನು ನಿಲ್ಲಿಸುತ್ತೇನೆ.

ಏಂಜಲ್ ಮೀನಿನ ಮರಿಗಳಿಗೆ ಈಜತೊಡಗಿದ ದಿನದಿಂದಲೇ ಆರ್ಟೀಮಿಯಾ ನಡೆಯುತ್ತದೆ. ಗಪ್ಪಿ ಮರಿಗಳಿಗಂತೂ ಪುಡಿ ಮಾಡಿದ ಫ್ಲೇಕ್ಸ್ ಸಹ ಸಾಕು. ಯಾವ ಮರಿಯಾದರೂ ಫಿಲ್ಟರ್ ಮಾತ್ರ ಹಳೆಯ ಟ್ಯಾಂಕಿನಲ್ಲಿ ಪಳಗಿದ ಸ್ಪಾಂಜಿನದೇ ಆಗಿರಲಿ, ಗುಳ್ಳೆ ಒಂದೊಂದಾಗಿ ಏಳುವಷ್ಟು ಮಂದವಾಗಿರಲಿ. ಆರ್ಟೀಮಿಯಾ ತತ್ತಿ ದುಬಾರಿಯಾದ್ದರಿಂದ ಕೊಂಡ ಡಬ್ಬಿಯನ್ನು ಸಣ್ಣ ಸಣ್ಣ ಶೀಶೆಗಳಿಗೆ ಹಂಚಿ, ಬಿಗಿಯಾಗಿ ಮುಚ್ಚಿ ಫ್ರಿಜ್‌ನಲ್ಲಿಡುವುದು ಒಳ್ಳೆಯದು; ಪದೇ ಪದೇ ತೆರೆದು ತೇವ ತಗುಲಿದ ತತ್ತಿಯಲ್ಲಿ ಒಡೆಯುವ ಪಾಲು ಬೇಗನೆ ಇಳಿಯುತ್ತದೆ.