ರೇಕಿ, ಪ್ರಾಣಿಕ್ ಹೀಲಿಂಗ್, ಟೆನ್ಸ್: ಬೆನ್ನಿನ ಆಪರೇಷನ್ ಆದಮೇಲೆ ನನಗೆ ಒದಗಿದ್ದು ಯಾವುದು?

ಸೊಂಟದ ಎಲ್4-ಎಲ್5 ಮೂಳೆಗಳ ನಡುವಿನ ಡಿಸ್ಕ್ ಆಪರೇಷನ್ ಆದಮೇಲೆ ಕಾಲಿನ ಸೆಳೆತ ಹೆಚ್ಚುಕಡಿಮೆ ಹೋಯಿತು. ಸೊಂಟದ ಬಿಗಿತ ಮತ್ತು ರಾತ್ರಿ ಮಗ್ಗುಲು ಬದಲಿಸುವಾಗಿನ ನೋವು ಉಳಿದವು. ಮಾತ್ರೆ, ಫಿಸಿಯೋಥೆರಪಿ, ನಡಿಗೆ ಇದ್ದೇ ಇದ್ದವು. ಅವುಗಳ ಜೊತೆಗೆ ಈ ಮೂರನ್ನು ನೋಡಿದೆ. ರೇಕಿ, ಪ್ರಾಣಿಕ್ ಹೀಲಿಂಗ್ ಎರಡೂ ಕೈಯಿಂದ ಶಕ್ತಿ ಹರಿಸಿ ವಾಸಿಮಾಡುತ್ತೇವೆ ಎನ್ನುವ ಎನರ್ಜಿ ಚಿಕಿತ್ಸೆಗಳು. ಟೆನ್ಸ್ ಹಾಗಲ್ಲ, ಅದು ಚರ್ಮಕ್ಕೆ ಪ್ಯಾಡ್ ಅಂಟಿಸಿ ಕೊಡುವ ನಿಜವಾದ ಕರೆಂಟು. ಆದರೆ ನೋಡಲು ಬಂದ ನೆಂಟರು ಮೂರನ್ನೂ ಒಂದೇ ಉಸಿರಲ್ಲಿ ಹೇಳುತ್ತಾರಲ್ವಾ!

ರೇಕಿ 1922ರ ಹೊತ್ತಿಗೆ ಜಪಾನಿನ ಮಿಕಾವೋ ಉಸುಯಿ ಶುರುಮಾಡಿದ್ದು. ಬೋರಲು ಮಲಗಲು ಆಗದ ಕಾರಣ ಮಂಡಿಗಳ ನಡುವೆ ದಿಂಬು ಇಟ್ಟು ಮಗ್ಗುಲಾದೆ. ರೇಕಿ ಮಾಡುವವರು ತಲೆ, ಭುಜ, ಸೊಂಟದ ಮೇಲೆ ಹಗುರವಾಗಿ ಕೈ ಇಟ್ಟರು. ಬೆಚ್ಚಗಿತ್ತು, ಹಾಗೇ ನಿದ್ದೆ ಬಂತು. ಆ ರಾತ್ರಿಯೂ ಚೆನ್ನಾಗಿ ಮಲಗಿದೆ. ಬೆಳಿಗ್ಗೆ ಬಚ್ಚಲಲ್ಲಿ ಬಗ್ಗಿದಾಗ ನೋವು ಮಾತ್ರ ಹಳೆಯದೇ. ಆದರೂ ಎಲ್ಲಿ ನೋಯುತ್ತದೋ ಎಂದು ಸದಾ ಬಿಗಿಹಿಡಿದಿದ್ದ ಮೈ ಸ್ವಲ್ಪ ಸಡಿಲಾಯಿತು. ಅದು ಸಣ್ಣ ಲಾಭ ಅಲ್ಲ.

ಪ್ರಾಣಿಕ್ ಹೀಲಿಂಗನ್ನು ಹರಡಿದವರು ಫಿಲಿಪೀನ್ಸ್‌ನ ಚೋವಾ ಕೋಕ್ ಸುಯಿ. ಇದರಲ್ಲಿ ಮೈ ಮುಟ್ಟುವುದೇ ಇಲ್ಲ. ಗಾಳಿಯಲ್ಲೇ ಕೈಯಾಡಿಸಿ, ಕೆಟ್ಟ ಶಕ್ತಿಯನ್ನು ಉಪ್ಪುನೀರಿನ ಬಟ್ಟಲಿಗೆ ಝಾಡಿಸುತ್ತಾರೆ, ನಮ್ಮಲ್ಲಿ ದೃಷ್ಟಿ ತೆಗೆದ ಹಾಗೆ. ಹೊಲಿಗೆಯ ಹತ್ತಿರ ಯಾರೂ ಕೈ ಹಾಕುವುದಿಲ್ಲ ಎನ್ನುವುದು ಒಳ್ಳೆಯದೇ. ಆದರೆ ಕುರ್ಚಿಯಲ್ಲಿ ಕೂರಿಸಿದರು. ಡಿಸ್ಕ್ ಆಪರೇಷನ್ ಆದವರಿಗೆ ಕೂರುವುದೇ ಕಷ್ಟ. ನನಗೇನೂ ಅನಿಸಲಿಲ್ಲ. ಒಬ್ಬರಂತೂ ಮಾತ್ರೆ ಬಿಡಿ ಎಂದರು. ನಾನು ಮಾತ್ರೆ ಬಿಡಲಿಲ್ಲ, ಅವರನ್ನು ಬಿಟ್ಟೆ.

ಈ ಶಕ್ತಿ ಕೈಗೆ ನಿಜವಾಗಿ ತಿಳಿಯುತ್ತದೆಯೇ? ಅಮೆರಿಕದ ಎಮಿಲಿ ರೋಸಾ ಎಂಬ ಪುಟ್ಟ ಹುಡುಗಿ ಇದನ್ನು ಪರೀಕ್ಷಿಸಿದ್ದಳು. ಇದೇ ಜಾತಿಯ ಥೆರಪ್ಯೂಟಿಕ್ ಟಚ್ ಮಾಡುವ 21 ಜನರನ್ನು ಪರದೆಯ ಆಚೆ ಕೂರಿಸಿದಳು. ಅವರ ಯಾವ ಕೈಯ ಮೇಲೆ ತನ್ನ ಕೈ ಇದೆ ಎಂದು ಕೇಳಿದಳು. ಸರಿಯಾಗಿದ್ದು ನೂರಕ್ಕೆ 44 ಸಲ. ಸುಮ್ನೆ ಊಹಿಸಿದ್ದರೂ 50ರ ಹತ್ತಿರ ಬರಬೇಕಿತ್ತು. 1998ರಲ್ಲಿ ಅಮೆರಿಕದ ವೈದ್ಯರ ಸಂಘದ ಪತ್ರಿಕೆಯಲ್ಲೇ ಇದು ಬಂತು.

ಟೆನ್ಸ್ ಅಂಗೈಯಷ್ಟು ಯಂತ್ರ. ಗಾಯ ಪೂರ್ತಿ ಮಾಗಿದ ಮೇಲೆ, ಸರ್ಜನ್‌ರನ್ನು ಕೇಳಿಕೊಂಡು, ಕಲೆಯ ಎರಡೂ ಬದಿಗೆ ಪ್ಯಾಡ್ ಅಂಟಿಸಿದೆ. ಜುಮುಜುಮು ಅನ್ನುತ್ತದೆ. ಆ ಜುಮುಜುಮು ಬೆನ್ನುಹುರಿಯಲ್ಲಿ ನೋವಿನ ಸುದ್ದಿಗೆ ಅಡ್ಡ ನಿಲ್ಲುತ್ತದೆ ಎಂಬುದು ಇದರ ಹಿಂದಿನ ಲೆಕ್ಕಾಚಾರ. ನೋವಿನ ಸಂಶೋಧಕರಾದ ಮೆಲ್ಜಾಕ್ ಮತ್ತು ವಾಲ್ 1965ರಲ್ಲಿ ಮುಂದಿಟ್ಟ ಗೇಟ್ ಸಿದ್ಧಾಂತ ಅದು. ಯಂತ್ರ ಓಡುವಾಗ ನೋವು ಮಂಕಾಗುತ್ತಿತ್ತು, ಆರಿಸಿದ ಸ್ವಲ್ಪ ಹೊತ್ತಿಗೆ ವಾಪಸ್. ಆದರೆ ಆ ಹೊತ್ತಿನಲ್ಲೇ ನಾನು ವ್ಯಾಯಾಮ ಮುಗಿಸುತ್ತಿದ್ದೆ. ನನಗೆ ಜಾಸ್ತಿ ಉಪಯೋಗಕ್ಕೆ ಬಂದದ್ದು ಇದೇ. ಪ್ಯಾಡಿನ ಅಂಟು ಬೇಗ ಹೋಗುತ್ತದೆ, ಅದೊಂದು ಕಿರಿಕಿರಿ. ಪೇಸ್‌ಮೇಕರ್ ಇದ್ದವರು ತಾವಾಗಿಯೇ ಹಾಕಿಕೊಳ್ಳಬಾರದು.

ಹಗಲಿಗೆ ಟೆನ್ಸ್ ಇಟ್ಟುಕೊಂಡೆ. ನಿದ್ದೆ ಕೆಟ್ಟ ವಾರಗಳಲ್ಲಿ, ದುಡ್ಡು ಭಾರ ಅನಿಸದಿದ್ದರೆ, ರೇಕಿಗೂ ಹೋದೆ. ಜ್ವರ, ಗಾಯದಿಂದ ಕೀವು, ಕಾಲಿನ ಬಲ ಕುಗ್ಗುವುದು, ಮೂತ್ರ ಕಟ್ಟುವುದು, ತೊಡೆಸಂದಿ ಮರಗಟ್ಟುವುದು, ಇವುಗಳಲ್ಲಿ ಯಾವುದು ಕಂಡರೂ ಈ ಮೂರೂ ಬೇಡ. ಆಗ ನೇರ ಆಸ್ಪತ್ರೆಗೆ, ಅದೂ ಅವತ್ತೇ.