ಬೇಸಿಗೆಯಲ್ಲಿ ಜಾಗ ನೋಡಿ ಮೋಸ ಹೋದೆ

ಮನೆ ಕಟ್ಟಲು ಜಾಗ ಹುಡುಕುತ್ತಿರುವವರು ಮುಂಗಡ ಕೊಡುವ ಮೊದಲು ಇದನ್ನು ಓದಿ. ನನ್ನ ಮನೆಯಲ್ಲಿ ಕಿಟಕಿಯ ಮೂಲೆಯಿಂದ ಸೂರಿನವರೆಗೆ ಒಂದು ಬಿರುಕು ಮೆಟ್ಟಿಲು ಮೆಟ್ಟಿಲಾಗಿ ಏರಿದೆ. ಬೇಸಿಗೆಯಲ್ಲಿ ಅದರೊಳಗೆ ಕಿರುಬೆರಳು ತೂರುತ್ತದೆ, ಮಳೆಗಾಲದಲ್ಲಿ ಕಾಗದವೂ ಕಷ್ಟ. ಮೂರು ಸಲ ಸಿಮೆಂಟು ಮೆತ್ತಿಸಿದೆ. ಮೂರು ಸಲವೂ ಬಾಯಿ ಬಿಟ್ಟಿತು.

ಜಾಗ ನೋಡಿದ್ದು ಕಡುಬೇಸಿಗೆಯಲ್ಲಿ. ಗುದ್ದಲಿ ಹಾಕಿದರೆ ಠಣ್ ಎನ್ನುತ್ತಿತ್ತು. 'ಕಲ್ಲಿನಂಥ ನೆಲ, ಮೂರಡಿ ಪಾಯ ಧಾರಾಳವಾಯಿತು' ಎಂದರು ಗುತ್ತಿಗೆದಾರರು. ನನಗೂ ಅದೇ ಬೇಕಿತ್ತು. ನೆಲದ ತುಂಬ ಅಂಗೈ ಹಿಡಿಸುವಷ್ಟು ಅಗಲದ ಬಿರುಕುಗಳಿದ್ದವು. ಒಂದರೊಳಗೆ ಕೋಲು ಇಳಿಬಿಟ್ಟರೆ ಮೊಣಕಾಲುದ್ದ ಹೋಯಿತು. ಹೆದರಬೇಕಾದ ಹೊತ್ತಿನಲ್ಲಿ ನಾನು ಅದರ ಫೋಟೊ ತೆಗೆದೆ. ಪಕ್ಕದ ಜಾಗದ ಕಾಂಪೌಂಡ್ ಗೋಡೆ ಹಾವಿನಂತೆ ಸೊಟ್ಟಗಾಗಿತ್ತು. ಕಟ್ಟಿದವರ ಕೈ ಸರಿಯಿಲ್ಲ ಎಂದುಕೊಂಡು ಮುಂದೆ ಹೋದೆ.

ಅದು ಅಪ್ಪಟ ಎರೆಮಣ್ಣು. ಅದರ ಜೇಡಿಯಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಖನಿಜ ಹೇರಳವಾಗಿರುತ್ತದೆ. ಇದರ ಕಣ ಹಾಳೆಯ ಮೇಲೆ ಹಾಳೆ ಪೇರಿಸಿದಂತಿದ್ದು, ನೀರು ಆ ಹಾಳೆಗಳ ನಡುವೆ ನುಗ್ಗಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಒಂದಂತಸ್ತಿನ ಮನೆಯನ್ನು ಎತ್ತುವ ಶಕ್ತಿ ಆ ಉಬ್ಬಿಗಿದೆ. ಇಡೀ ಮನೆ ಒಟ್ಟಿಗೆ ಎದ್ದು ಒಟ್ಟಿಗೆ ಇಳಿದರೆ ಅಷ್ಟೇನೂ ಕೇಡಿಲ್ಲ. ಒಂದು ಮೂಲೆ ಏಳುವಾಗ ಇನ್ನೊಂದು ಇಳಿದರೆ ಗೋಡೆ ಸೀಳುತ್ತದೆ. ಆ ಏರ್ಪಾಡನ್ನು ನಾನೇ ಸ್ವಂತ ಕೈಯಿಂದ ಮಾಡಿಕೊಟ್ಟೆ.

ಮೊದಲನೆಯದು ಸೆಪ್ಟಿಕ್ ಟ್ಯಾಂಕಿನ ಇಂಗುಗುಂಡಿ. ನೀರು ಇಂಗುತ್ತದೋ ಇಲ್ಲವೋ ನೋಡೋಣವೆಂದು ಒಣನೆಲದಲ್ಲಿ ಒಂದು ಕುಣಿ ತೋಡಿ ಬಕೆಟ್ ನೀರು ಸುರಿದೆ. ಕಣ್ಣೆದುರೇ ಮಾಯವಾಯಿತು. ಎಷ್ಟು ಒಳ್ಳೆಯ ಮಣ್ಣು ಎಂದು ಬೀಗಿದೆ. ನೀರು ಇಳಿದದ್ದು ಮಣ್ಣಿನೊಳಕ್ಕಲ್ಲ, ಬಿರುಕುಗಳೊಳಕ್ಕೆ. ಜೇಡಿ ನೆನೆದು ಉಬ್ಬಿದ ಮೇಲೆ ಆ ದಾರಿಯೆಲ್ಲ ಮುಚ್ಚಿಹೋಗುತ್ತದೆ. ಅದಕ್ಕೇ ಈ ಪರೀಕ್ಷೆಗೆ ಮುನ್ನ ಕುಣಿಯನ್ನು ರಾತ್ರಿಯಿಡೀ ನೀರಿನಲ್ಲಿ ನೆನೆಸಿಡಬೇಕು, ಮಾರನೆಯ ದಿನವಷ್ಟೇ ಗಡಿಯಾರ ಹಿಡಿಯಬೇಕು. ಒಂದಿಂಚು ಇಳಿಯಲು 60 ನಿಮಿಷ ದಾಟಿದರೆ ಅಲ್ಲಿ ಮಾಮೂಲಿ ಇಂಗುಗುಂಡಿ ನಡೆಯುವುದಿಲ್ಲ. ಆಮೇಲೆ ಸರಿಯಾಗಿ ಅಳೆದಾಗ ನನ್ನ ಕುಣಿಯಲ್ಲಿ ಒಂದು ಗಂಟೆಯಲ್ಲಿ ನೀರು ಅರ್ಧ ಇಂಚೂ ಇಳಿದಿರಲಿಲ್ಲ. ಅಷ್ಟರಲ್ಲಿ ಎರಡು ಮಳೆಗಾಲ ಕಳೆದು, ಹಿತ್ತಲಲ್ಲಿ ಗಲೀಜು ನೀರು ಮೇಲೆದ್ದು, ಮೂಗು ಮುಚ್ಚಿಕೊಂಡು ಓಡಾಡುವುದು ಅಭ್ಯಾಸವಾಗಿತ್ತು. (ಬರೀ ಮರಳು, ಗರಸು ಇರುವ ನೆಲದವರು ನಗಬೇಡಿ. ನಿಮ್ಮಲ್ಲಿ ಕೊಳಕು ನೀರು ಸೋಸದೆ ನೇರವಾಗಿ ಅಂತರ್ಜಲ ಸೇರುತ್ತದೆ. ಬಾವಿ ಹತ್ತಿರವಿದ್ದರೆ ಕತೆ ಇನ್ನೂ ಕೆಟ್ಟದ್ದು.)

ಎರಡನೆಯದು ಗಿಡ. ಮನೆಯ ಇನ್ನೊಂದು ಮೂಲೆಯಲ್ಲಿ, ಗೋಡೆಗೆ ನಾಲ್ಕು ಹೆಜ್ಜೆ ದೂರದಲ್ಲಿ, ನೆರಳಿಗೆಂದು ಬೇಗ ಬೆಳೆಯುವ ಮರ ನೆಟ್ಟೆ. ಅದರ ಬೇರು ಪಾಯದಡಿಯ ತೇವವನ್ನೆಲ್ಲ ಹೀರಿತು. ಇಂಗುಗುಂಡಿಯ ಮೂಲೆ ವರ್ಷವಿಡೀ ನೆನೆದು ಉಬ್ಬುತ್ತಿತ್ತು, ಮರದ ಮೂಲೆ ಒಣಗಿ ಕುಸಿಯುತ್ತಿತ್ತು. ನಡುವೆ ನನ್ನ ಕಿಟಕಿ. ಪಾಯ, ಚರಂಡಿ, ತೋಟ ಎಂದು ಮೂರು ಬೇರೆ ಬೇರೆ ಜನರಿಗೆ ಕೆಲಸ ವಹಿಸಿದ್ದೆ. ಮೂವರ ಕಾಲಡಿಯ ಮಣ್ಣು ಒಂದೇ ಎಂಬುದು ಯಾರಿಗೂ ಹೊಳೆಯಲಿಲ್ಲ, ನನಗಂತೂ ಇಲ್ಲವೇ ಇಲ್ಲ.

ಹೂವಿನ ಮಡಿಯಲ್ಲಿ ಜೇಡಿಯನ್ನು ಸಡಿಲಿಸಲು ಮರಳು ಬೆರೆಸಿದ್ದೂ ಉಂಟು. ಒಣಗಿದಾಗ ಇಟ್ಟಿಗೆಯಾಯಿತು. ಬೇಕಿದ್ದದ್ದು ಕೊಳೆತ ಗೊಬ್ಬರ, ಅದೂ ವರ್ಷ ವರ್ಷ.

ಕೊನೆಗೆ ಬಂದ ಮಣ್ಣಿನ ಎಂಜಿನಿಯರ್ ಗೋಡೆಯನ್ನು ನೋಡಲೇ ಇಲ್ಲ, ನೇರವಾಗಿ ಗುಂಡಿ ತೋಡಿಸಿದರು. ಎರಡು ಮೀಟರ್ ಆಳದವರೆಗೆ ಮಣ್ಣು ತೆಗೆದು, ಒಣಗಿಸಿ ಜರಡಿ ಹಿಡಿದು, ಹತ್ತು ಹತ್ತು ಗ್ರಾಂ ಮಣ್ಣನ್ನು ಎರಡು ಅಳತೆಯ ಜಾಡಿಗಳಿಗೆ ಹಾಕಿದರು. ಒಂದರಲ್ಲಿ ನೀರು, ಇನ್ನೊಂದರಲ್ಲಿ ಸೀಮೆಎಣ್ಣೆ. ಸೀಮೆಎಣ್ಣೆಗೆ ಜೇಡಿ ಉಬ್ಬುವುದಿಲ್ಲವಂತೆ. 24 ಗಂಟೆಗಳ ನಂತರ ಸೀಮೆಎಣ್ಣೆಯಲ್ಲಿದ್ದ ಮಣ್ಣು 10 ಮಿಲಿಲೀಟರ್ ಗುರುತಿನಲ್ಲಿತ್ತು, ನೀರಿನಲ್ಲಿದ್ದದ್ದು 18ಕ್ಕೆ ಏರಿತ್ತು. ಎಂದರೆ ಶೇ 80ರಷ್ಟು ಉಬ್ಬು. ಶೇ 50 ದಾಟಿದರೇ ಬಹಳ ಅಪಾಯವೆಂದು ಲೆಕ್ಕ. ಇಷ್ಟು ಸರಳ ಪರೀಕ್ಷೆಯನ್ನು ಕಟ್ಟುವ ಮೊದಲು ಮಾಡಿಸಿದ್ದರೆ ನೆನೆಯುವುದು ಒಣಗುವುದು ತಲುಪದ ಆಳಕ್ಕೆ, ತಳದಲ್ಲಿ ಗಡ್ಡೆಯಂತೆ ದಪ್ಪಗಿರುವ ಕಂಬಗಳನ್ನು ಇಳಿಸಿ, ಅವುಗಳ ಮೇಲಿನ ತೊಲೆಗೂ ನೆಲಕ್ಕೂ ನಡುವೆ ಸ್ವಲ್ಪ ಖಾಲಿ ಬಿಟ್ಟು ಕಟ್ಟಬಹುದಿತ್ತು. ಮಣ್ಣು ಉಬ್ಬಿದರೂ ತೊಲೆಯನ್ನು ಮುಟ್ಟುತ್ತಿರಲಿಲ್ಲ.

ನೀವು ಪರೀಕ್ಷೆ ಮಾಡಿಸುವಾಗ ಒಂದೇ ಗುಂಡಿಗೆ ಒಪ್ಪಬೇಡಿ. ಮನೆಯ ಮೂಲೆಗಳಲ್ಲೂ ಇಂಗುಗುಂಡಿ ಬರುವಲ್ಲೂ ತೋಡಿಸಿ, ಗುಂಡಿಯ ಗೋಡೆಯನ್ನು ನೀವೇ ಇಳಿದು ನೋಡಿ. ಬೂದು ಬಣ್ಣದ ಮಣ್ಣಿನಲ್ಲಿ ತುಕ್ಕಿನಂಥ ಕಲೆಗಳಿದ್ದರೆ ಮಳೆಗಾಲದಲ್ಲಿ ಅಂತರ್ಜಲ ಅಲ್ಲಿಯವರೆಗೆ ಏರುತ್ತದೆ ಎಂದು ತಿಳಿಯಿರಿ, ಗುಂಡಿ ಆಗ ಒಣಗಿದ್ದರೂ ಸರಿಯೇ. ಇಟ್ಟಿಗೆ ಚೂರು, ಪ್ಲಾಸ್ಟಿಕ್ ಕಂಡರೆ ಅದು ಯಾರೋ ತುಂಬಿಸಿದ ಮಣ್ಣು. ಸಾಧ್ಯವಾದರೆ ಜಾಗವನ್ನು ಮಳೆಗಾಲದಲ್ಲಿ ಇನ್ನೊಮ್ಮೆ ನೋಡಿ.

ಮರವನ್ನು ಮರುದಿನವೇ ಕಡಿಸಲು ಹೊರಟಿದ್ದೆ. ಎಂಜಿನಿಯರ್ ತಡೆದರು. ಒಮ್ಮೆಲೇ ಕಡಿದರೆ ಹೀರುವವರಿಲ್ಲದೆ ಆ ಮೂಲೆ ಮತ್ತೆ ನೆನೆದು ಉಬ್ಬುತ್ತದಂತೆ. ಈಗ ವರ್ಷಕ್ಕಿಷ್ಟು ಎಂದು ಕೊಂಬೆ ಸವರಿಸುತ್ತಿದ್ದೇನೆ. ಇಂಗುಗುಂಡಿಯನ್ನು ಮುಚ್ಚಿಸಿ, ಮನೆಯಿಂದ ದೂರದಲ್ಲಿ ಬೇರೆ ಮಣ್ಣಿನ ಎತ್ತರದ ದಿಬ್ಬ ಮಾಡಿಸಿ ಅದರಲ್ಲಿ ನೀರು ಇಂಗಿಸುತ್ತಿದ್ದೇವೆ. ಬಿರುಕಿನ ಎರಡೂ ಬದಿಗೆ ಪೆನ್ಸಿಲಿನಲ್ಲಿ ಗುರುತು ಹಾಕಿ ತಾರೀಕು ಬರೆದಿದ್ದೇನೆ. ತಿಂಗಳಿಗೊಮ್ಮೆ ಅಳೆಯುತ್ತೇನೆ. ಕಳೆದ ತಿಂಗಳು ನಾಲ್ಕು ಮಿಲಿಮೀಟರ್ ಇತ್ತು, ಈ ತಿಂಗಳೂ ನಾಲ್ಕೇ ಇದೆ.