ಅಂಗಡಿಯ ಜೇನುಮನೆಗೆ ಎರಡು ನಕ್ಷತ್ರ, ಬುರುಡ್ ಆಳಿಯ ಬಿದಿರಿಗೆ ಐದು

ಫೆಬ್ರವರಿಯಲ್ಲಿ ಆನ್‌ಲೈನಲ್ಲಿ ಒಂದು ಜೇನುಮನೆ ತರಿಸಿದೆ, ಅಂದರೆ ತುಪ್ಪಕ್ಕಲ್ಲ, ಜೇನುಗಳು ಬಂದು ಗೂಡು ಕಟ್ಟಲಿ ಅಂತ ಇಡುವ ಮರದ ಡಬ್ಬಿ. 1,149 ರೂಪಾಯಿ. ಕಂಪನಿಯ ಹೆಸರು ಬರೆಯುವುದಿಲ್ಲ. ಇದೇ ಥರದ ಡಬ್ಬಿಯನ್ನು ನಾಲ್ಕೈದು ಹೆಸರಲ್ಲಿ ಮಾರುತ್ತಾರೆ, ನೋಡಲು ಎಲ್ಲವೂ ಒಂದೇ. ಬಾಲ್ಕನಿಯಲ್ಲಿ ಒಂಬತ್ತು ತಿಂಗಳು ಇಟ್ಟು ನೋಡಿದ ಮೇಲೆ ಬರೆಯುತ್ತಿದ್ದೇನೆ.

ಯಾಕೆ ತರಿಸಿದೆ ಅನ್ನುವುದನ್ನು ಮೊದಲು ಹೇಳಬೇಕು. ನಾವಿರುವುದು ಪುಣೆಯ ಕರ್ವೆನಗರದಲ್ಲಿ, ಐದನೇ ಮಹಡಿ. ಹೋದ ವರ್ಷ ದೀಪಾವಳಿ ಕಳೆದ ಮೇಲೆ ಏಳನೇ ಮಹಡಿಯ ಸಜ್ಜಾದ ಕೆಳಗೆ ಹೆಜ್ಜೇನು ಕಟ್ಟಿತು. ಇಲ್ಲಿಯವರು ಅದಕ್ಕೆ ಆಗ್ಯಾ ಮೋಹೋಳ ಅಂತಾರೆ. ಧಾರವಾಡದಲ್ಲಿ ನಮ್ಮಜ್ಜನ ಹಿತ್ತಲ ಹುಣಸೆ ಮರಕ್ಕೆ ಪ್ರತಿ ವರ್ಷ ಹೆಜ್ಜೇನು ಬರುತ್ತಿತ್ತು. "ಬಂದಾವ, ನಾಕು ದಿನ ಇರ್ತಾವ, ಹೊಕ್ಕಾವ. ತಂಟೆಗೆ ಹೋಗಬ್ಯಾಡ್ರಿ" ಅನ್ನುತ್ತಿದ್ದ ಅಜ್ಜ. ನಿಜ, ಅದು ಹೂವಿನ ಕಾಲ ನೋಡಿಕೊಂಡು ವಲಸೆ ಹೋಗುವ ಜಾತಿ. ಆದರೆ ಸೊಸೈಟಿಯಲ್ಲಿ ಮಕ್ಕಳಿದ್ದಾರೆ, ವಯಸ್ಸಾದವರಿದ್ದಾರೆ, ಎಲ್ಲರಿಗೂ ಭಯ. ಪೆಸ್ಟ್ ಕಂಟ್ರೋಲ್‌ನವರು ಬಂದು ರಾತ್ರಿ ಔಷಧ ಹೊಡೆದರು. ಬೆಳಿಗ್ಗೆ ಹಾಲು ತರಲು ಇಳಿದರೆ ಪಾರ್ಕಿಂಗ್ ತುಂಬ ಜೇನು. ಕೆಲವು ಸತ್ತಿದ್ದವು, ಕೆಲವು ಇನ್ನೂ ಕಾಲು ಆಡಿಸುತ್ತಿದ್ದವು. ಕೆಲಸದ ಮಾವಶಿ ಸೂಪಲಿಯಲ್ಲಿ ಗುಡಿಸಿ ಗುಡಿಸಿ ಹಾಕಿದರು. ಗಣೇಶಖಿಂಡ ರಸ್ತೆಯಲ್ಲಿ 1962ರಿಂದ ಕೇಂದ್ರೀಯ ಜೇನು ಸಂಶೋಧನೆ ಮತ್ತು ತರಬೇತಿ ಸಂಸ್ಥೆಯೇ ಇರುವ ಊರಿದು. ಒಬ್ಬರನ್ನಾದರೂ ಕೇಳಿ ಮುಂದುವರಿಯಬಹುದಿತ್ತು, ನಾನೂ ಸೇರಿ ಯಾರೂ ಕೇಳಲಿಲ್ಲ. ಆ ಸಂಕಟಕ್ಕೇ ಈ ಡಬ್ಬಿ ತರಿಸಿದ್ದು.

ಈಗ ಡಬ್ಬಿಯ ವಿಷಯ. ಮನೆಯ ಆಕಾರ, ಎರಡು ಗೇಣು ಎತ್ತರವೂ ಇಲ್ಲ. ಮೇಲಿನ ಅಂಕಣದಲ್ಲಿ ಪೈನ್ ಮರದ ಕಾಯಿ, ನಡುವೆ ಮರದ ಹೊಟ್ಟು, ಚಿಟ್ಟೆಗೆ ಅಂತ ಒಂದು ಸೀಳು, ಕೆಳಗೆ ಬಿದಿರಿನ ಕೊಳವೆಗಳು. ಪೆಟ್ಟಿಗೆಯ ಮೇಲಿನ ಚಿತ್ರದಲ್ಲಿ ಜೇನುಹುಟ್ಟಿನ ಮೇಲೆ ಕೂತ ಜೇನು. ನನ್ನ ದೊಡ್ಡ ತಕರಾರು ಈ ಚಿತ್ರದ ಮೇಲೆಯೇ. ಹೆಜ್ಜೇನು, ತುಡುವೆ, ಕೋಲುಜೇನು ಇವು ಯಾವುವೂ ಇಂಥ ಡಬ್ಬಿಗೆ ಬರುವುದಿಲ್ಲ. ಅವು ಸಾವಿರಗಟ್ಟಲೆ ಒಟ್ಟಿಗೆ ಬಾಳುವಂಥವು. ಕೊಳವೆಗೆ ಬರುವುದು ಒಂಟಿ ಜೇನು. ರಾಣಿ ಇಲ್ಲ, ಆಳುಗಳಿಲ್ಲ. ಒಂದೊಂದು ಹೆಣ್ಣೂ ತಾನೇ ಗೂಡು ಕಟ್ಟಿ, ತಾನೇ ಮೊಟ್ಟೆ ಇಟ್ಟು, ತಾನೇ ಊಟ ಕೂಡಿಡುತ್ತದೆ. ಕಾಯುವಷ್ಟು ಜೇನುತುಪ್ಪ ಅದರ ಹತ್ತಿರ ಇರುವುದಿಲ್ಲ, ಹಾಗಾಗಿ ಮೈಮೇಲೆ ಬೀಳುವುದೂ ಇಲ್ಲ. ನಮ್ಮ ದೇಶದಲ್ಲಿ 700ಕ್ಕೂ ಜಾಸ್ತಿ ಜಾತಿಯ ಜೇನುಗಳಿವೆ, ಅದರಲ್ಲಿ ಹೆಚ್ಚಿನವು ಇಂಥವೇ. ಇಷ್ಟನ್ನು ಪೆಟ್ಟಿಗೆಯ ಮೇಲೆ ಎರಡು ಸಾಲಿನಲ್ಲಿ ಬರೆದಿದ್ದರೆ ಸಾಕಿತ್ತು. ಪಕ್ಕದ ಮನೆಯ ವೈನಿ "ಇದಕ್ಕೆ ಆಗ್ಯಾ ಮೋಹೋಳ ಬಂದರೆ?" ಎಂದು ಹೆದರಿದ್ದು ಆ ಚಿತ್ರ ನೋಡಿಯೇ.

ಎರಡನೇ ತಕರಾರು ಕೊಳವೆಗಳದು. ನಾಲ್ಕು ಬೆರಳಿನಷ್ಟೂ ಉದ್ದವಿಲ್ಲ. ಹೆಣ್ಣು ಜೇನು ಕೊಳವೆಯ ಒಳತುದಿಯಲ್ಲಿ ಹೆಣ್ಣು ಮೊಟ್ಟೆ ಇಟ್ಟು, ಬಾಗಿಲ ಕಡೆಗೆ ಗಂಡು ಮೊಟ್ಟೆ ಇಡುತ್ತದೆ. ಕೊಳವೆ ಗಿಡ್ಡ ಆದಷ್ಟೂ ಹೆಣ್ಣು ಕಡಿಮೆ. ಬಾಯಿಯ ಸಿಬಿರು ಹಾಗೇ ಇದೆ, ರೆಕ್ಕೆ ಹರಿಯುತ್ತದೆ. ಅರ್ಧಕ್ಕರ್ಧ ಹಿಂದೆಯೂ ತೆರೆದಿವೆ. ಎಲ್ಲವನ್ನೂ ಅಂಟು ಹಾಕಿ ಕೂರಿಸಿದ್ದಾರೆ. ಹಳೇ ಕೊಳವೆಯಲ್ಲಿ ನುಸಿ, ರೋಗ ಸೇರುತ್ತವೆ, ಒಂದೆರಡು ವರ್ಷಕ್ಕೆ ಬದಲಿಸಬೇಕು. ಅಂಟಿಸಿದ್ದನ್ನು ಬದಲಿಸುವುದು ಹೇಗೆ?

ಬೇಸಿಗೆಯಲ್ಲಿ ಒಂದು ಕೊಳವೆಗೂ ಯಾರೂ ಬರಲಿಲ್ಲ. ಪೈನ್ ಕಾಯಿಯ ಹಿಂದೆ ಹಲ್ಲಿ ಸೇರಿತು. ಜುಲೈ ಮಳೆಗೆ ಒಳಗೆಲ್ಲ ಬೂಸಲು. ಪುಣೆಯ ಮಳೆ ಅಡ್ಡಡ್ಡ ಹೊಡೆಯುತ್ತದೆ, ಡಬ್ಬಿಯ ಛಾವಣಿ ಮುಂದಕ್ಕೆ ಚಾಚಿದ್ದು ಒಂದೇ ಬೆರಳು.

ಸೆಪ್ಟೆಂಬರ್ ಕೊನೆಗೆ ಬುರುಡ್ ಆಳಿಗೆ ಹೋದೆ. ನಮ್ಮ ಕಡೆ ಮೇದಾರ ಓಣಿ ಇರುತ್ತದಲ್ಲ, ಪುಣೆಯಲ್ಲಿ ಅದು ಬುರುಡ್ ಆಳಿ. ಬುಟ್ಟಿ, ಮೊರ, ಏಣಿ, ಚಾಪೆ, ರಸ್ತೆಯ ತನಕ ಬಿದಿರೇ ಬಿದಿರು. ಒಂದು ಅಂಗಡಿಯ ಮುಂದೆ ಮುದುಕರೊಬ್ಬರು ಬುಟ್ಟಿಯ ಅಂಚು ಕಟ್ಟುತ್ತಿದ್ದರು. ಸಣ್ಣ ಬಿದಿರು ಬೇಕು ಅಂದೆ. "ಕಶಾಲಾ ಪಾಹಿಜೇ, ತಾಈ?" ಅಂದರು, ಯಾತಕ್ಕೆ ಬೇಕು ಅಕ್ಕಾ ಅಂತ. ಮಧಮಾಶಿಗೆ, ಜೇನುಹುಳಕ್ಕೆ, ಅಂದಾಗ ಅವರಿಗೆ ಆಶ್ಚರ್ಯವೇ ಆಗಲಿಲ್ಲ. ಎದ್ದು ಬಂದು ಅಂಗಡಿಯ ಚಪ್ಪರದ ಗಳು ತೋರಿಸಿದರು. ಹೆಬ್ಬೆರಳು ತುದಿಯಷ್ಟು ದುಂಡನೆಯ ತೂತು, ಯಂತ್ರದಲ್ಲಿ ಕೊರೆದಷ್ಟು ನುಣುಪು. ಕರಿ ದುಂಬಿ ಕೊರೆದದ್ದು, ಅದೂ ಒಂದು ಬಗೆಯ ಒಂಟಿ ಜೇನೇ. ಪ್ರತಿ ವರ್ಷ ಬರುತ್ತದೆ, ನಾವು ಓಡಿಸುವುದಿಲ್ಲ, ಗಳು ಹೋದರೆ ಇನ್ನೊಂದು ಹಾಕುತ್ತೇವೆ ಅಂದರು. ಅಲ್ಲಿಯೇ ಸ್ವಲ್ಪ ಹೊತ್ತು ನಿಂತುಬಿಟ್ಟೆ.

ಹಸಿ ಬಿದಿರು ಬೇಡ, ಬಿರಿಯುತ್ತದೆ ಅಂತ ಒಣಗಿದ್ದನ್ನೇ ಆರಿಸಿದರು. ಗೆಣ್ಣು ಒಂದು ತುದಿಗೆ ಬರುವಂತೆ, ಒಂದೊಂದು 15 ಸೆಂಟಿಮೀಟರ್, ಹೀಗೆ 40 ತುಂಡು ಕತ್ತರಿಸಿ ಕೊಟ್ಟರು. ಗೆಣ್ಣೇ ಹಿಂದಿನ ಗೋಡೆ, ಬೇರೆ ಮುಚ್ಚಳ ಬೇಕಿಲ್ಲ. ತೂತು ಕೆಲವಕ್ಕೆ ಅಕ್ಕಿಕಾಳು ಹೋಗುವಷ್ಟು, ಕೆಲವಕ್ಕೆ ಪೆನ್ಸಿಲ್ ಹೋಗುವಷ್ಟು. ಒಟ್ಟು 80 ರೂಪಾಯಿ. ಮನೆಗೆ ಬಂದು ಪಾಲಿಶ್ ಪೇಪರಿನಿಂದ ಬಾಯಿ ಉಜ್ಜಿದೆ. ದಪ್ಪ ನೀರಿನ ಪೈಪಿನ ತುಂಡಿನಲ್ಲಿ ಬಿಗಿಯಾಗಿ ತುಂಬಿ, ಬಾಲ್ಕನಿ ಗ್ರಿಲ್ಲಿಗೆ ಅಲುಗಾಡದಂತೆ ಸುತಳಿಯಿಂದ ಕಟ್ಟಿದೆ. ಮುಖ ಪೂರ್ವಕ್ಕೆ, ಬೆಳಗಿನ ಬಿಸಿಲು ಬೀಳುವ ಕಡೆ.

ಮೂರು ವಾರಕ್ಕೆ ಗುಲಾಬಿ ಎಲೆಯಲ್ಲಿ ಅರ್ಧಚಂದ್ರದ ಹಾಗೆ ಕತ್ತರಿಸಿದ ಗುರುತು ಕಂಡಿತು. ಅದೇ ಗುರುತು ವೈನಿಯ ಕುಂಡದಲ್ಲೂ. ಅವರು ಕೀಟನಾಶಕದ ಬಾಟಲಿ ಕೈಗೆತ್ತಿಕೊಂಡಿದ್ದರು. ಕೈಮುಗಿದು ನಿಲ್ಲಿಸಿದೆ. "ವೈನಿ, ಒಂದು ಸಲ ನಮ್ಮನೆಗೆ ಬಂದು ನೋಡಿ." ಇಬ್ಬರೂ ಕುರ್ಚಿ ಹಾಕಿ ಕೂತೆವು. ಹೊಟ್ಟೆಯ ಕೆಳಗೆ ಎಲೆಯ ಚೂರನ್ನು ಸುರುಳಿ ಮಾಡಿ ಹಿಡಿದುಕೊಂಡು ಒಂದು ಜೇನು ಹಾರಿ ಬಂತು, ನೇರ ಕೊಳವೆಯೊಳಗೆ ಹೋಯಿತು. ಎಲೆ ಕತ್ತರಿಸುವ ಜೇನು ಅದು. ಎಲೆಯನ್ನು ತಿನ್ನುವುದಿಲ್ಲ, ಮಗುವಿನ ಕೋಣೆಗೆ ಅಸ್ತರಿ ಹಾಕುತ್ತದೆ. ಪರಾಗ ಮತ್ತು ಮಕರಂದದ ಉಂಡೆ ಇಟ್ಟು, ಮೇಲೆ ಒಂದು ಮೊಟ್ಟೆ ಇಟ್ಟು, ಎಲೆಯಿಂದ ಗೋಡೆ ಕಟ್ಟಿ ಮುಂದಿನ ಕೋಣೆ. ವೈನಿ ಬಾಟಲಿ ಮತ್ತೆ ಹೊರಗೆ ತೆಗೆದಿಲ್ಲ.

ಡಬ್ಬಿಯ ಜೊತೆ ಒಂದು ಪುಟ್ಟ ಶೀಸೆ ಬಂದಿತ್ತು, ಸುಸ್ತಾದ ಜೇನಿಗೆ ಕುಡಿಸಲು. ಒಳಗೇನಿದೆ ಅಂತ ಎಲ್ಲೂ ಬರೆದಿಲ್ಲ. ನಾನು ಬಳಸಲಿಲ್ಲ, ನೀವೂ ಬಳಸಬೇಡಿ. ಅದರಲ್ಲಿ ಜೇನುತುಪ್ಪ ಇದ್ದರೆ ಒಂದು ಗೂಡಿನ ರೋಗ ಇನ್ನೊಂದಕ್ಕೆ ಹರಡಬಹುದು. ಥಾಯ್ ಸ್ಯಾಕ್‌ಬ್ರೂಡ್ ಅನ್ನುವ ಒಂದೇ ವೈರಸ್ 1991-92ರಲ್ಲಿ ದಕ್ಷಿಣ ಭಾರತದ ತುಡುವೆ ಗೂಡುಗಳನ್ನು ಹೇಗೆ ಖಾಲಿ ಮಾಡಿತು ಅನ್ನುವುದು ಜೇನು ಸಾಕುವವರಿಗೆಲ್ಲ ಗೊತ್ತು. ಬಿಳಿ ಸಕ್ಕರೆ ಎರಡು ಚಮಚ, ನೀರು ಒಂದು ಚಮಚ, ಅಷ್ಟೇ ಸಾಕು. ಅದರಲ್ಲಿ ಒಂದು ಹನಿ ಚಮಚದ ತುದಿಯಲ್ಲಿ ಜೇನಿನ ಮುಂದೆ ಇಡಿ, ಮೈಮೇಲೆ ಹಾಕಬೇಡಿ. ಬಟ್ಟಲು ತುಂಬಿಸಿ ದಿನಾ ಇಡುವುದೂ ಬೇಡ. ಮುಟ್ಟುವುದಿದ್ದರೆ ದಪ್ಪ ಕಾಗದದ ಮೇಲೆ ಹತ್ತಿಸಿಕೊಳ್ಳಿ. ಡಿಸೆಂಬರಿನ ಬೆಳಿಗ್ಗೆ ಆದರೆ ಅದಕ್ಕೆ ಬರೀ ಚಳಿ ಇರಬಹುದು, ಬಿಸಿಲಿಗೆ ಬಿಟ್ಟರೆ ತಾನೇ ಹಾರುತ್ತದೆ. ಹತ್ತಿರ ಹೂವಿದ್ದರೆ ಸಕ್ಕರೆಗಿಂತ ಹೂವೇ ಮೇಲು. ನನ್ನ ಕಾಮಕಸ್ತೂರಿ ಕುಂಡದ ಮೇಲೆ ಬಿಟ್ಟ ಮೂರರಲ್ಲಿ ಎರಡು ಹಾರಿಹೋದವು. ಒಂದು ಅಲ್ಲಿಯೇ ಸತ್ತುಹೋಯಿತು.

ನಮ್ಮ ಬಾಲ್ಕನಿಯಲ್ಲಿ ಬೆಳಿಗ್ಗೆ ಸುಸ್ತಾಗಿ ಬೀಳುತ್ತಿದ್ದದ್ದು ಹೆಚ್ಚಾಗಿ ಹೆಜ್ಜೇನು. ಎಲ್ಲಿಂದ ಬರುತ್ತವೆ ಅಂತ ಬಹಳ ದಿನ ತಿಳಿಯಲಿಲ್ಲ. ಹೆಜ್ಜೇನು ಬೆಳದಿಂಗಳಲ್ಲೂ ಹಾರುತ್ತದೆ, ದೀಪ ಕಂಡರೆ ಬಂದು ಸುತ್ತುತ್ತದೆ, ಸುತ್ತಿ ಸುತ್ತಿ ಬೀಳುತ್ತದೆ. ರಾತ್ರಿಯಿಡೀ ಉರಿಯುತ್ತಿದ್ದ ಬಾಲ್ಕನಿಯ ಟ್ಯೂಬ್‌ಲೈಟ್ ಆರಿಸಲು ಶುರು ಮಾಡಿದೆ, ಪರದೆ ಎಳೆದೆ. ಆಮೇಲೆ ಎರಡು ವಾರದಲ್ಲಿ ಸಿಕ್ಕಿದ್ದು ಒಂದೇ ಜೇನು. ಇದಕ್ಕೆ ಒಂದು ರೂಪಾಯಿಯೂ ಖರ್ಚಿಲ್ಲ, ಡಬ್ಬಿ ಕೊಳ್ಳುವ ಮೊದಲು ಇದನ್ನು ಮಾಡಿ.

ಜಾಗ ಇದ್ದವರಿಗೆ ಇನ್ನೊಂದು ಮಾತು. ಜೇನು ಜಾತಿಗಳಲ್ಲಿ ಹೆಚ್ಚಿನವು ಮಣ್ಣಲ್ಲೇ ಬಿಲ ಮಾಡುವಂಥವು. ಸೊಸೈಟಿಯ ಮೂಲೆಯಲ್ಲಿ ಒಂದಿಷ್ಟು ಮಣ್ಣಿಗೆ ಟೈಲ್ಸ್ ಹಾಕದೆ ಬಿಡಿಸಿ. ನಮ್ಮ ಸೊಸೈಟಿಯ ಸಭೆಯಲ್ಲಿ ನಾನು ಕೇಳಿದ್ದೇನೆ, ಇನ್ನೂ ಉತ್ತರ ಬಂದಿಲ್ಲ.

ಡಬ್ಬಿಗೆ ಎರಡು ನಕ್ಷತ್ರ ಕೊಟ್ಟಿದ್ದೇನೆ. ಒಂದು ನಕ್ಷತ್ರ ಹಲಗೆಗೆ, ಮರ ನಿಜಕ್ಕೂ ಗಟ್ಟಿ. ಇನ್ನೊಂದು, ಅದು ಮನೆಗೆ ಬರದಿದ್ದರೆ ನಾನು ಬುರುಡ್ ಆಳಿಯ ತನಕ ಹೋಗುತ್ತಿರಲಿಲ್ಲ ಅನ್ನುವುದಕ್ಕೆ. ಮೊನ್ನೆ ಅದರ ಛಾವಣಿ ಬಿಚ್ಚಿ ಪೈಪಿನ ಮೇಲೆ ಚಾಚಿ ಕಟ್ಟಿದೆ, ಮುಂದಿನ ಮಳೆಗೆ ಬೇಕಾಗುತ್ತದೆ. 40ರಲ್ಲಿ 11 ಕೊಳವೆ ಮುಚ್ಚಿವೆ. ಏಳಕ್ಕೆ ಎಲೆಯ ಬಾಗಿಲು, ನಾಲ್ಕಕ್ಕೆ ಮಣ್ಣಿನದು. ಮಣ್ಣಿನವು ಕಣಜದ ಹುಳದ್ದಿರಬೇಕು, ಹಸಿರು ಹುಳ ಹಿಡಿದುಕೊಂಡು ಒಂದು ಒಳಗೆ ಹೋಗಿದ್ದನ್ನು ವೈನಿ ನೋಡಿದ್ದಾರೆ.